ಎವರಿಲ್ಡಾಳ ಕಿವಿಯಲ್ಲಿ

ತೊಟ್ಟಿಲ ಶಾಸ್ತ್ರಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ ಭಾರತಿ ಮಗುವಿನ ಹೆಸರನ್ನು ವಾಟ್ಸಾಪಿನಲ್ಲಿ ಕಳಿಸಿಬಿಟ್ಟಳು. ಎವರಿಲ್ಡಾ. ಅದರ ಕೆಳಗೆ ಒಂದು ಸಾಲು: 'ಅತ್ತಿಗೆ, ಯಾರಿಗೂ ಹೇಳ್ಬೇಡಿ. ಆದ್ರೆ ಬಾಯಿಪಾಠ ಮಾಡ್ಕಳಿ.' ಮಗುವಿನ ಕಿವಿಯಲ್ಲಿ ಹೆಸರು ಉಸುರುವುದು ಸೋದರತ್ತೆಯ ಹಕ್ಕು. ಭಾರತಿಯ ಗಂಡ ಪ್ರದೀಪನಿಗೆ ಇರುವವಳು ನಂದಿನಿ ಒಬ್ಬಳೇ ಅಕ್ಕ. ಹಾಗಾಗಿ ಈ ಇಂಗ್ಲಿಷ್ ಗುಡ್ಡವನ್ನು ಹತ್ತಿ ಇಳಿಯುವ ಕೆಲಸ ಅವಳ ನಾಲಿಗೆಯ ಪಾಲಿಗೆ ಬಂತು.

ಮೊದಲು ಅವಳಿಗೆ ನಗುವೇ ಬಂದದ್ದು. ಅಜ್ಜಿ ಹೊನ್ನು, ಅಪ್ಪ ಹುಲಿಯಾ, ಆಯಿ ಬೀರಿ. ಶೆಟಗೇರಿಯ ಆ ಮನೆಯವರು ಎರಡು ಮೂರು ಅಕ್ಷರಗಳಲ್ಲೇ ಬದುಕು ಸಾಗಿಸಿದವರು. ಈಗ ನೋಡಿದರೆ ಎವರಿಲ್ಡಾ! ಅಂಕೋಲೆಯ ಬಸ್ ಸ್ಟ್ಯಾಂಡಿನ ಹಿಂದಿನ ತನ್ನ ಪುಟ್ಟ ಹೊಲಿಗೆ ಅಂಗಡಿಯಲ್ಲಿ ಕೂತು, ಮಶೀನು ತುಳಿಯುತ್ತ ತುಳಿಯುತ್ತ ಅವಳು ಆ ಹೆಸರನ್ನು ಪಳಗಿಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಅದು ಬಾಯಲ್ಲಿ ಸಲೀಸಾಗಿ ಹೊರಳತೊಡಗಿತು. ಅಲ್ಲಿಗೇ ಸುಮ್ಮನಿದ್ದಿದ್ದರೆ ಎಲ್ಲ ಸರಿಯಿತ್ತು. ಆದರೆ ಸುಮ್ಮನಿರುವುದು ನಂದಿನಿಯ ಜಾಯಮಾನವಲ್ಲ. ತೊಟ್ಟಿಲ ಸುತ್ತ ಸೇರುವ ಹೆಂಗಸರು ಅರ್ಥ ಕೇಳಿಯೇ ಕೇಳುತ್ತಾರೆ, ಅತ್ತೆಯಾದವಳು ಬೆಪ್ಪಾಗಿ ನಿಲ್ಲಬಾರದು ಎಂದು ಫೋನಿನಲ್ಲಿ ಹುಡುಕಿದಳು. ಇಂಗ್ಲಿಷ್ ಪುಟ ಬಂತು. ಅದನ್ನು ಕನ್ನಡಕ್ಕೆ ತಿರುಗಿಸಿದಳು.

ಸಾವಿರ ವರ್ಷಕ್ಕೂ ಹಳೆಯ ಹೆಸರಂತೆ. ಇಂಗ್ಲೆಂಡಿನಲ್ಲಿ ಒಬ್ಬ ಸಂತ ಹೆಂಗಸಿಗೆ ಇತ್ತಂತೆ. ಈಗ ಅಲ್ಲಿಯೂ ದೀಪ ಹಚ್ಚಿ ಹುಡುಕಿದರೆ ಸಿಗಲಿಕ್ಕಿಲ್ಲ; ಜನಪ್ರಿಯತೆ ತೋರಿಸುವ ಗೆರೆ ನೆಲ ಬಿಟ್ಟು ಮೇಲೆದ್ದಿರಲೇ ಇಲ್ಲ. ಅದರ ಕೆಳಗೆ ಅರ್ಥ ಇತ್ತು. ಹಳೆಯ ಎರಡು ಮಾತು ಕೂಡಿ ಆದ ಹೆಸರು. ಒಂದು ಕಾಡುಹಂದಿ, ಇನ್ನೊಂದು ಕಾದಾಟ.

ನಂದಿನಿಯ ಕಾಲು ಮಶೀನಿನ ಮೇಲೆ ನಿಂತುಹೋಯಿತು.

ಗದ್ದೆಯಲ್ಲಿ ಬೆಳೆ ಇರುವಾಗ ಆ ಪ್ರಾಣಿಯ ಹೆಸರೆತ್ತಬಾರದು ಎಂಬುದು ಅವಳ ಮನೆಯ ಹಿರಿಯರು ಹಾಕಿಕೊಟ್ಟ ಕಟ್ಟಳೆ. ಹೆಸರು ಹೇಳಿದರೆ ಕರೆದಂತೆ. 'ಕಾಡಿನದು' ಅನ್ನಬೇಕು. ಮೂರು ವರ್ಷದ ಹಿಂದೆ, ಶೇಂಗಾ ಬಲಿತಿದ್ದ ಕಾಲ, ಒಂದು ಬೆಳಿಗ್ಗೆ ನಂದಿನಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಗದ್ದೆಯಲ್ಲಿ ಕಪ್ಪಗೆ ಏನೋ ಮಣ್ಣು ಕೆದರುತ್ತಿರುವುದು ಕಂಡಿತು. ಗಾಬರಿಯಲ್ಲಿ ಕಟ್ಟಳೆ ಮರೆತು, ಗಂಟಲು ಹರಿಯುವಂತೆ ಕೂಗಿದಳು: "ಅಪ್ಪಾ, ಹಂದಿ! ಹಂದಿ ಬಂತು!" ಚಾ ಕುಡಿಯುತ್ತಿದ್ದ ಹುಲಿಯಾ ಲೋಟ ಇಟ್ಟು, ದೊಣ್ಣೆ ಹಿಡಿದು ಓಡಿದ. ಕೋರೆ ತೊಡೆಗೆ ಇಳಿಯಿತು. ಆಸ್ಪತ್ರೆಯ ದಾರಿಯಲ್ಲೇ ಅವನು ಹೋಗಿಬಿಟ್ಟ. ಅರ್ಧ ಚಾ ಲೋಟದಲ್ಲಿ ಹಾಗೇ ಇತ್ತು.

ಅಂದಿನಿಂದ ಆ ಮನೆಯಲ್ಲಿ ಬೆಳೆ ಇರಲಿ ಬಿಡಲಿ, ಆ ಶಬ್ದ ಯಾರ ಬಾಯಲ್ಲೂ ಬರಲಿಲ್ಲ. ಆಯಿ ಬೀರಿ ಮಗಳನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಾತಿನ ನಡುವೆ ಆ ಪ್ರಾಣಿ ಬರುವಂತಾದರೆ ಸಾಕು, ಆಯಿ ಎದ್ದು ಒಳಗೆ ಹೋಗುತ್ತಿದ್ದಳು. ನಂದಿನಿಗೆ ಪ್ರತಿ ಸಲವೂ ಎದೆಗೆ ಯಾರೋ ಒದ್ದ ಹಾಗಾಗುತ್ತಿತ್ತು. ಆ ಶಬ್ದ ಕಿವಿಗೆ ಬಿದ್ದರೆ ಆಯಿ ತಡೆದುಕೊಳ್ಳಲಾರಳು ಎಂದು ಅವಳು ಖಂಡಿತವಾಗಿ ನಂಬಿದ್ದಳು. ನಂದಿನಿಯ ಗಂಡ ಜಗದೀಶ ಈ ತವರುಮನೆಯಲ್ಲೇ ಇದ್ದುಕೊಂಡು ಗದ್ದೆ ನೋಡುವವನು. ಅವನಿಗೂ ತಾಕೀತು ಮಾಡಿದ್ದಳು. ಈಗ ಅದೇ ಬಾಯಿಂದ, ಅದೇ ಪ್ರಾಣಿಯನ್ನು, ಅಪ್ಪನ ಮೊದಲ ಮೊಮ್ಮಗಳ ಕಿವಿಗೆ ತುಂಬಬೇಕು!

ಸಂಜೆ ಭಾರತಿಗೆ ಫೋನು ಹಚ್ಚಿದಳು.

"ಬೇರೆ ಹೆಸ್ರು ನೋಡೂಕೆ ಆಗೂದಿಲ್ವನೆ? ಬಾಯಲ್ಲಿ ಹೊರಳೂದಿಲ್ಲ ಅದು."

ಭಾರತಿ ಬೆಳೆದದ್ದು ಕದ್ರಾದಲ್ಲಿ, ಅಪ್ಪ ವಿದ್ಯುತ್ ಸ್ಥಾವರದ ನೌಕರ. ಶಾಲೆಯಲ್ಲಿ ಅವಳ ವರ್ಗದಲ್ಲೇ ನಾಲ್ಕು ಜನ ಭಾರತಿಯರಿದ್ದರು, ಇವಳು ಮೂರನೆಯವಳು.

"ಅತ್ತಿಗೆ, ಓಟದಲ್ಲಿ ಬಹುಮಾನ ಬಂದದ್ದು ನಂಗೆ. ಭಾರತಿ ಅಂತ ಕರದ್ರು. ನಾ ಏಳೂದ್ರೊಳಗೆ ಬೇರೆ ಭಾರತಿ ಹೋಗಿ ತಕಂಡು ಬಂದ್ಲು. ನನ್ ಮಗಳ ಹೆಸ್ರು ಕರದ್ರೆ ಒಬ್ಳೇ ಏಳ್ಬೇಕು."

"ಅರ್ಥ ನೋಡಿದ್ಯಾ?"

"ಅರ್ಥ ಯಾರ್ ಕೇಳ್ತ್ರು? ನಿಮ್ಮ ಹೆಸ್ರು ಹೇಳಿದ್ರೆ ಜನ ಹಾಲಿನ ಪ್ಯಾಕೆಟ್ ನೆನ್ಸ್ಕಣ್ತ್ರು, ಅರ್ಥ ಅಲ್ಲ."

ನಂದಿನಿ ನಗಬೇಕಾಯಿತು. ಭಾರತಿ ಈ ಮನೆಗೆ ಬಂದದ್ದು ಮಾವ ತೀರಿದ ಮೇಲೆ. ಬಾಣಂತಿಗೆ ಅದನ್ನೆಲ್ಲ ಬಿಡಿಸಿ ಹೇಳುವುದು ಹೇಗೆ? ಹೇಳಿದರೆ ಪ್ರದೀಪನಿಗೆ ಹೋಗುತ್ತದೆ, ಪ್ರದೀಪನಿಂದ ಆಯಿಗೆ. ಫೋನಿಟ್ಟಳು.

ಆಮೇಲೆ ಅವಳ ಕೈಕಾಲು ನಿಂತಲ್ಲಿ ನಿಲ್ಲಲಿಲ್ಲ. ಒಬ್ಬಳ ರವಿಕೆಗೆ ಎರಡೂ ಬಲಗೈ ತೋಳುಗಳನ್ನೇ ಹೊಲಿದು ಬಯ್ಯಿಸಿಕೊಂಡಳು. ಗಂಜಿ ಎರಡು ಸಲ ಉಕ್ಕಿತು. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಯಾಕೆ ಎದ್ದೆ ಎಂದು ಮರೆತುಹೋಗುತ್ತಿತ್ತು. ಮೂರನೆಯ ದಿನ ಒಂದು ಉಪಾಯ ಹೊಳೆಯಿತು. ಕಿವಿಯಲ್ಲಿ ಹೇಳುವುದು ಯಾರಿಗೆ ಕೇಳೀತು? ಒಳಗೆ 'ಹೊನ್ನು' ಅಂದುಬಿಡುವುದು. ಅಜ್ಜಿಯ ಹೆಸರು, ಯಾವ ಕೇಡೂ ಇಲ್ಲ. ಹೊರಗೆ ಅವರು ಏನಾದರೂ ಕರೆದುಕೊಳ್ಳಲಿ. ಕಳ್ಳತನವೇ ಇದು, ಗೊತ್ತಿತ್ತು. ಆದರೂ ಅವಳು ಅದನ್ನೇ ಗಟ್ಟಿ ಮಾಡಿಕೊಂಡಳು.

ಶಾಸ್ತ್ರದ ದಿನ ತಾಯಿ ಮಗಳು ಕಾರವಾರದ ಬಸ್ಸು ಹತ್ತಿದರು. ಆಯಿಯ ಮಡಿಲಲ್ಲಿ ಗೋದಡಿ ಇತ್ತು. ಹುಲಿಯಾನ ಹಳೆ ಪಂಚೆಗಳನ್ನು ಪದರ ಪದರ ಕೂಡಿಸಿ ಮೊಮ್ಮಗಳಿಗೆಂದು ಅವಳೇ ಹೊಲಿದದ್ದು. ನಂದಿನಿ ಕಿಟಕಿ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ಎಂತಾ ಆಯ್ತೆ ನಿಂಗೆ? ನಾಕ್ ದಿನದಿಂದ ಬಿಸಿ ಕಾವಲಿ ಮೇಲೆ ನಿಂತವರ ಹಂಗೆ ಮಾಡ್ತಿ" ಎಂದಳು ಆಯಿ.

"ಎಂತಾ ಇಲ್ಲ ಆಯಿ, ಸೆಕೆ."

ಆಯಿ ಅವಳ ಮುಖವನ್ನೇ ನೋಡಿದಳು.

ಪ್ರದೀಪ ಬೈತಖೋಲ ಬಂದರಿನಲ್ಲಿ ಕ್ರೇನು ನಡೆಸುತ್ತಾನೆ. ಹತ್ತಿರದಲ್ಲೇ ಬಾಡಿಗೆ ಮನೆ. ನಡುಮನೆಯಲ್ಲಿ ತೊಟ್ಟಿಲು ತೂಗುಹಾಕಿತ್ತು, ಬಾಗಿಲಲ್ಲಿ ಒಣಮೀನಿನ ವಾಸನೆ, ಒಳಗೆ ಹೂವಿನದು. ಭಾರತಿಯ ತಾಯಿ ಮಂಗಲಾ ಎಲ್ಲರ ಮೇಲೂ ಅಧಿಕಾರ ನಡೆಸುತ್ತಿದ್ದಳು. ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿಟ್ಟು ತೂಗಿದರು. ಆಮೇಲೆ ಗೋದಡಿ ಹಾಸಿ ಮಗುವನ್ನು ಮಲಗಿಸಿದರು. ಬೀರಿ ಗಂಡ ಸತ್ತವಳು. ಯಾರೂ ಹೇಳದಿದ್ದರೂ ತಾನೇ ಹೋಗಿ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಳು.

ನಂದಿನಿ ತೊಟ್ಟಿಲಿಗೆ ಬಗ್ಗಿದಳು. ಹೆಂಗಸರು ಅವಳ ಬೆನ್ನಿನ ಮೇಲೆ ಕೈಯೆತ್ತಿ ಸಿದ್ಧರಾದರು. ಅತ್ತೆ 'ಕುರ್ರ್' ಎಂದು ಹೆಸರು ಉಸುರುವಾಗ ಬೆನ್ನಿಗೆ ಗುದ್ದುವುದು ಪದ್ಧತಿ. ಎಣ್ಣೆಯ ವಾಸನೆಯ ಪುಟ್ಟ ಕಿವಿ ತುಟಿಗೆ ತಾಗಿತು. ಹೊನ್ನು ಎನ್ನಬೇಕು ಎಂದುಕೊಂಡಳು. ಮಗು ಕಣ್ಣು ಬಿಟ್ಟು ಅವಳನ್ನೇ ನೋಡಿತು. ಹುಟ್ಟಿ ಹನ್ನೆರಡು ದಿನವಾದ ಕೂಸಿಗೆ ತಾನು ಹೇಳುವ ಮೊದಲ ಮಾತೇ ಸುಳ್ಳಾಗಬೇಕೇ ಎನ್ನಿಸಿ, ಅವಳು ತುಟಿಯನ್ನು ಆ ಕಿವಿಯಿಂದ ತೆಗೆದಳು.

"ಹೇಳೆ, ಹೊತ್ತಾಗ್ತದೆ" ಎಂದಳು ಮಂಗಲಾ.

ನಂದಿನಿ ನೆಟ್ಟಗೆ ನಿಂತಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ನನ್ನಿಂದ ಆಗೂದಿಲ್ಲ. ಈ ಹೆಸ್ರಲ್ಲಿ ಅದು ಇದೆ."

"ಯಾವ್ದು?" ಪ್ರದೀಪ ಕೇಳಿದ.

"ಕಾಡಿನದು. ಅದ್ರ ಕೂಡೆ ಕಾದಾಟ ಅಂತ ಅರ್ಥ."

ಪ್ರದೀಪನ ಮುಖ ಬಿಳುಚಿಕೊಂಡಿತು. ಭಾರತಿ ಗಂಡನನ್ನೂ ಅತ್ತೆ ಬೀರಿಯನ್ನೂ ನೋಡಿ, ಮೆಲ್ಲಗೆ, "ಬೇಡ ಅತ್ತಿಗೆ. ಬೇರೆ ಇಡ್ವಾ. ನಂಗೆ ಗೊತ್ತಿರ್ಲಿಲ್ಲ" ಎಂದಳು. ಅವಳ ದನಿಯೂ ಒಡೆದಿತ್ತು.

ಹೊಸ್ತಿಲಿನಿಂದ ಆಯಿ ಎದ್ದು ಬಂದಳು. ಮಂಗಲಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಹಂದಿ ಕೂಡೆ ಕಾದಾಟ, ಅಲ್ದಾ?" ಎಂದಳು ಆಯಿ.

ಮೂರು ವರ್ಷದ ಮೇಲೆ ಆ ಶಬ್ದ ಅವಳ ಬಾಯಿಂದ ಬಂದಿತ್ತು. ಅವಳು ಬೀಳಲಿಲ್ಲ, ಅಳಲಿಲ್ಲ. ನಂದಿನಿ ಮಾತ್ರ ತೊಟ್ಟಿಲ ಹಗ್ಗ ಹಿಡಿದುಕೊಂಡಳು.

"ಒಂದ್ ದೊಣ್ಣೆ ಹಿಡ್ಕಂಡು ಗದ್ದೆ ತುದೀವರೆಗೂ ಅಟ್ಟಿದ್ರು ನಿಮ್ಮಪ್ಪ. ಊರವ್ರೆಲ್ಲ ಹಂದಿ ಹೊಡ್ದು ಸತ್ತ ಅಂದ್ರು. ಕಾದಾಡ್ದ ಅಂತ ಒಬ್ರೂ ಅಂದಿಲ್ಲ. ಯಾವ್ದೋ ದೂರದ ಹೆಸ್ರು ಆ ಮಾತು ಅಂತು. ಇರ್ಲಿ ಅದು."

"ಆಯಿ, ನಿಂಗೆ ಆ ಶಬ್ದ ಕೇಳೂಕೆ ಆಗೂದಿಲ್ಲ ಅಂತ..."

"ನಂಗೆಂತಾ ಹೆದ್ರಿಕೆ ಅದ್ರದ್ದು? ಹಂದಿ ಸುದ್ದಿ ಬಂದ್ರೆ ಸಾಕು, ನಿನ್ ಮೊಕ ಸುಟ್ಟ ಹಂಗೆ ಆಗ್ತಿತ್ತು. ಅದು ನೋಡೂಕಾಗ್ದೆ ನಾ ಎದ್ದು ಹೋಗ್ತಿದ್ದದ್ದು." ಆಯಿ ಮಗಳ ಕೆನ್ನೆಯನ್ನು ಸೆರಗಿನಿಂದ ಒರಟಾಗಿ ಒರೆಸಿದಳು. "ನೀ ಕೂಗಿದ್ದಕ್ಕೆ ಹಂದಿ ಬಂದದ್ದಲ್ಲ. ಹಂದಿ ಬಂದದ್ದಕ್ಕೆ ನೀ ಕೂಗಿದ್ದು. ಇಷ್ಟ್ ಗೊತ್ತಾಗೂಕೆ ಮೂರ್ ವರ್ಷ ಬೇಕಾ? ಬಗ್ಗು."

ನಂದಿನಿ ಬಗ್ಗಿದಳು. "ಕುರ್ರ್" ಎಂದಳು. ಹೆಸರನ್ನು ಪೂರ್ತಿ, ತಪ್ಪಿಲ್ಲದೆ, ಆ ಕಿವಿಯಲ್ಲಿ ಹೇಳಿದಳು. ಬೆನ್ನಿಗೆ ಮೊದಲ ಗುದ್ದು ಬಿತ್ತು, ಬಲವಾಗಿಯೇ. ಅದು ಆಯಿಯ ಕೈ ಎಂದು ತಿರುಗಿ ನೋಡದೆಯೂ ಅವಳಿಗೆ ತಿಳಿಯಿತು.