ಬೋಗಿ ಮರದ ಹಲಗೆ

ಹಳೆಯ ಗಾಡಿಗಳನ್ನು ದುರಸ್ತಿ ಮಾಡಿ ಮಾರುವ ಇಂದೋರಿನ ರತನ್‌ನನ್ನು ನಾನು ಫೋನಿನಲ್ಲಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದೆ. ಪಿಕಪ್ಪಿನ ಹಿಂಭಾಗದ ಹಲಗೆಗಳು ಹಳೆಯವೇ ತಾನೆ? ಕಾಲೇಜಿನಲ್ಲಿ ಕಲಿತ ನನ್ನ ಹಿಂದಿ ಐವತ್ತು ವರ್ಷದಲ್ಲಿ ತುಕ್ಕು ಹಿಡಿದಿತ್ತು. ಆದರೂ ಆತ ನಗಲಿಲ್ಲ. "ಹಳೆಯವೇ ಮಾತಾಜಿ, ಚಿಂತೆ ಮಾಡಬೇಡಿ" ಎಂದು ಮೂರು ಸಲವೂ ಅಷ್ಟೇ ಸಮಾಧಾನದಿಂದ ಹೇಳಿದ.

ಆ ಪಿಕಪ್ಪನ್ನು ಹುಡುಕಿಕೊಟ್ಟವಳು ನನ್ನ ತಮ್ಮನ ಮಗಳು ಶರಣ್ಯಾ. ಬ್ರಹ್ಮಾವರದ ಬ್ಯಾಂಕಿನಲ್ಲಿ ಅವಳಿಗೆ ಕೆಲಸ. ಹಳೆಯ ವಾಹನ ಮಾರುವವರ ಪುಟದಲ್ಲಿ ಉದ್ದ ಮೂಗಿನ ಒಂದು ವಿಲ್ಲೀಸ್ ಪಿಕಪ್ ಕಂಡು ಮೊಬೈಲಿಗೆ ಚಿತ್ರ ಕಳಿಸಿದ್ದಳು. "ಅತ್ತೆ, ಇದ್ ಮಾವನ್ ಹಳೇ ಗಾಡಿ ಹಾಂಗೇ ಇತ್ತಲೆ?"

ಹಾಗೇ ಇದ್ದದ್ದಲ್ಲ, ಅದೇ. ಡ್ರೈವರ್ ಕೂರುವ ಕ್ಯಾಬಿನ್ನಿನ ಬೆನ್ನಿಗೆ ಹಲಗೆಗಳನ್ನು ನಿಲ್ಲಿಸಿ, ಅವುಗಳ ನೆತ್ತಿಯ ಪಟ್ಟಿಯಲ್ಲಿ ಒಂದು ತಾವರೆ ಕೆತ್ತಲಾಗಿತ್ತು. ಗಂಗೊಳ್ಳಿಯಲ್ಲಿ ದೋಣಿ ಕಟ್ಟುತ್ತಿದ್ದ ಆಚಾರಿಯೊಬ್ಬರು ದೋಣಿಗೆ ಹಾಕುವ ಬೋಗಿ ಮರದಲ್ಲೇ ಆ ಹಿಂಭಾಗವನ್ನು ಮಾಡಿಕೊಟ್ಟಿದ್ದರು. ತಾವರೆ ಕೆತ್ತಿದ್ದಕ್ಕೆ ಕೂಲಿ ತೆಗೆದುಕೊಂಡಿರಲಿಲ್ಲ. ನಮ್ಮ ಟ್ರಂಕಿನಲ್ಲಿದ್ದ ಹಳೆಯ ವಿಮೆ ಕಾಗದದ ನಂಬರನ್ನು ರತನ್ ಗಾಡಿಯ ನಂಬರಿನ ಜೊತೆ ತಾಳೆ ನೋಡಿದ. ಸರಿಹೋಯಿತು.

ನನಗೆ ಬೇಕಾದದ್ದು ತಾವರೆಯಲ್ಲ, ಅದರ ಕೆಳಗಿನ ಎಡ ಮೂಲೆಯ ಹಲಗೆ.

ನನ್ನ ಗಂಡ ಚಂದಯ್ಯ ಆ ಗಾಡಿಯಲ್ಲಿ ಕುಂದಾಪುರದಿಂದ ಹಂಚು ಸಾಗಿಸುತ್ತಿದ್ದರು, ಕಾಲಕಾಲಕ್ಕೆ ಹೆಮ್ಮಾಡಿಯ ಸೇವಂತಿಗೆಯನ್ನೂ. ಪ್ರತಿ ವರ್ಷ ಆಯುಧ ಪೂಜೆಗೆ ಗಾಡಿ ತೊಳೆದು ಹೂ ಮುಡಿಸಿದ ಮೇಲೆ, ನಮ್ಮ ಮಗಳು ವಿನಯಾಳನ್ನು ಎತ್ತಿ ಹಿಂದೆ ನಿಲ್ಲಿಸಿ, ಬೆನ್ನನ್ನು ಆ ಹಲಗೆಗೆ ಒತ್ತಿಸಿ, ಅವಳ ತಲೆಯ ನೇರಕ್ಕೆ ಮೊಳೆಯಿಂದ ಒಂದು ಗೆರೆ ಎಳೆಯುತ್ತಿದ್ದರು. ಪಕ್ಕದಲ್ಲಿ ಇಸವಿ. ಹಿಮ್ಮಡಿ ಎತ್ತಿ ಮೋಸ ಮಾಡಲು ನೋಡುವ ಅವಳ ಕಾಲನ್ನು ನಾನು ಹಿಡಿದುಕೊಳ್ಳಬೇಕಿತ್ತು. ಮೂರು ವರ್ಷದಿಂದ ಏಳರವರೆಗೆ ಐದು ಗೆರೆ. ಐದನೆಯದು ಎಂಬತ್ತಾರರ ಅಕ್ಟೋಬರಿನದು. ಡಿಸೆಂಬರಿನಲ್ಲಿ ಜ್ವರ ಬಂತು. ಮೆದುಳಿಗೇರಿತು ಎಂದರು. ನಾಲ್ಕೇ ದಿನ.

ಅವಳು ಹೋಗಿ ಹದಿನೈದು ದಿನಕ್ಕೆ ಇವರು ಗಾಡಿಯನ್ನು ಹುಬ್ಬಳ್ಳಿಯ ವ್ಯಾಪಾರಿಗೆ ಮಾರಿಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಮನೆಯಲ್ಲಿ ಅವಳ ಹೆಸರೆತ್ತುವುದು ನಿಂತುಹೋಯಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ನೂರಾರು ಮಕ್ಕಳ ಹಾಜರಿ ಕರೆದೆ. ವಿನಯಾ ಎಂಬ ಹೆಸರು ಬಂದಾಗ ಮಾತ್ರ ತಲೆ ಎತ್ತುತ್ತಿರಲಿಲ್ಲ.

ರತನ್‌ಗೆ ಗೆರೆಗಳ ವಿಷಯ ಹೇಳಿದ್ದರೆ ಒಂದು ಫೋಟೊ ಕಳಿಸುತ್ತಿದ್ದ. ಆದರೆ ಅದನ್ನು ಹೇಳಲು ಅವಳ ಬಗ್ಗೆ ಹೇಳಬೇಕಿತ್ತು. ಮನೆಯೊಳಗೆ ಮೂವತ್ತೆಂಟು ವರ್ಷ ಆಡದ ಹೆಸರನ್ನು ಕಾಣದ ಊರಿನವರ ಮುಂದೆ ಹೇಗೆ ಆಡುವುದು? ಹಾಗಾಗಿ ಹಲಗೆಯನ್ನಷ್ಟೇ ಕೇಳಿದೆ.

ಗಾಡಿ ಕೊಳ್ಳುತ್ತೇನೆಂದು ಇವರಿಗೆ ತಿಳಿಸಿದಾಗ ಪೇಪರಿನಿಂದ ತಲೆ ಎತ್ತಲಿಲ್ಲ.

"ಗುಜ್ರಿ ತಕ್ಕಂಡ್ ಎಂತ ಮಾಡೂಕೆ ಮಾರಾಯ್ತಿ? ಯಾರ್ ಬಿಡೂದ್ ಅದನ್ನ?"

"ನಾನೇ ಬಿಡ್ತೆ. ನಿಮ್ಮನ್ ಪಕ್ಕದಲ್ ಕೂರ್ಸ್ಕಂತೆ."

"ಹಾಂಗಾರೆ ನಾನ್ ನಡ್ಕಂಡೇ ಬತ್ತೆ" ಎಂದು ಪುಟ ತಿರುಗಿಸಿದರು. ಬೇಡ ಎನ್ನಲಿಲ್ಲ.

ಗಾಡಿಯನ್ನು ಹೊತ್ತ ಲಾರಿ ಇಂದೋರಿನಿಂದ ಹೊರಟು ಆರನೆಯ ದಿನ ಬೆಳಿಗ್ಗೆ ಶರಣ್ಯಾ ರಜೆ ಹಾಕಿ ಬಂದು, ಕೋಟೇಶ್ವರದ ನಮ್ಮ ಮನೆಯ ಜಗಲಿಯಲ್ಲಿ ಫೋನು ಹಿಡಿದು ಕುಳಿತಳು. "ಅತ್ತೆ, ಬೈಂದೂರ್ ದಾಟ್ತಂಬ್ರ್." ಸ್ವಲ್ಪ ಹೊತ್ತಿಗೆ, "ಡ್ರೈವರ್ ಮರವಂತೆಲಿ ನಿಲ್ಸಿದ್ನಂಬ್ರ್. ಸಮುದ್ರ ಕಂಡದ್ದ್ ಇದೇ ಮೊದ್ಲಂಬ್ರ್ ಅವ್ನ್. ಹೆಂಡ್ತಿಗ್ ವೀಡಿಯೊ ಕಾಲ್ ಮಾಡಿ ತೋರ್ಸ್ತಾ ಇದ್ದ."

"ತೋರ್ಸ್ಲಿ. ಎಂತ ಅರ್ಜೆಂಟ್?" ಎಂದೆ. ಮೂವತ್ತೆಂಟು ವರ್ಷದ ಮೇಲೆ ಅರ್ಧ ಗಂಟೆ ಹೆಚ್ಚಲ್ಲ.

ಲಾರಿ ನಮ್ಮ ಓಣಿಗೆ ಬರಲಾರದೆ ಹೆದ್ದಾರಿಯ ಪಕ್ಕದಲ್ಲೇ ನಿಂತಿತು. ನಾವು ಮೂವರೂ ನಡೆದು ಹೋದೆವು. ಇವರು ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದರು. ಡ್ರೈವರ್ ಗಾಡಿಯ ಮೂಗಿಗೆ ತನ್ನದೇ ಕಂಬಳಿ ಹೊದಿಸಿ ಕಟ್ಟಿದ್ದ. ದಾರಿಯಲ್ಲಿ ಕಲ್ಲು ಸಿಡಿದೀತು ಎಂದು. ಹಾಗಾದರೆ ಅವನು ಆರು ದಿನ ಏನು ಹೊದ್ದುಕೊಂಡಿದ್ದ ಎಂದು ಕೇಳಲು ನನಗೆ ಹೊಳೆದದ್ದು ಅವನು ಹೋದ ಮೇಲೆ.

ಗಾಡಿ ಇಳಿಯಿತು. ಅದೇ ಹಸಿರು, ಅದೇ ತಾವರೆ. ಪಕ್ಕದ ಅಂಗಡಿಯಿಂದ ಡ್ರೈವರ್ ಒಂದು ಸ್ಟೂಲ್ ತಂದಿಟ್ಟು ಕೈ ಕೊಟ್ಟ. ನಾನು ಹಿಂಭಾಗಕ್ಕೆ ಹತ್ತಿದೆ.

ವಾರ್ನಿಷಿನ ವಾಸನೆ. ತಾವರೆಯ ಕೆಳಗೆ, ಈ ತುದಿಯಿಂದ ಆ ತುದಿಯವರೆಗೆ, ಹೊಚ್ಚ ಹೊಸ ಸಾಗುವಾನಿ.

ಎಡ ಮೂಲೆಯನ್ನು ಕೈಯಿಂದ ಸವರಿದೆ. ಕಣ್ಣು ತಪ್ಪಿರಬಹುದೆಂದು ಕನ್ನಡಕ ಒರೆಸಿ ಮತ್ತೆ ಸವರಿದೆ. ಎಷ್ಟು ನುಣುಪೆಂದರೆ ಬೆರಳು ಎಲ್ಲಿಯೂ ನಿಲ್ಲಲಿಲ್ಲ.

ಅಷ್ಟರಲ್ಲಿ ಡ್ರೈವರ್ ರತನ್‌ಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಪರದೆಯಲ್ಲಿ ರತನ್‌ನ ಮುಖ ಬಹುಮಾನ ಕೊಡಲು ನಿಂತವರಂತೆ ಅರಳಿತ್ತು.

"ಕಂಡಿರಾ ಮಾತಾಜಿ? ನೀವು ಮೂರು ಸಲ ಕೇಳಿದಾಗಲೇ, ಹಲಗೆ ಹಳೆಯದೆಂದು ನಿಮಗೆ ಚಿಂತೆ ಎಂದು ನನಗೆ ತಿಳಿಯಿತು. ಹಳೆಯ ಹಲಗೆಗೆ ಗೀರು ಬಿದ್ದು ಅಲ್ಲಲ್ಲಿ ಸಿಬಿರು ಎದ್ದಿತ್ತು. ವಯಸ್ಸಾದವರ ಕೈಗೆ ಚುಚ್ಚಬಾರದಲ್ಲ? ಹೂವು ಚೆನ್ನಾಗಿತ್ತು, ಅದನ್ನು ಉಳಿಸಿಕೊಂಡೆ. ಹೊಸ ಹಲಗೆ ನನ್ನ ಲೆಕ್ಕದ್ದು. ನನ್ನ ತಾಯಿ ಇದ್ದಿದ್ದರೆ ನಿಮ್ಮಷ್ಟೇ ವಯಸ್ಸು."

"ಆ ಹಳೆಯವು?" ಎಂದು ಕೇಳಿದೆ.

"ಈ ಸಲ ಇಲ್ಲಿ ಭಾರೀ ಚಳಿ. ಕೆಲಸದವರು ಬೆಂಕಿ ಕಾಯಿಸಿಕೊಂಡರು. ಬಹಳ ಹೊತ್ತು ಉರಿಯಿತಂತೆ, ಗಟ್ಟಿ ಮರ. ಏನು ಮಾತಾಜಿ, ಇಷ್ಟವಾಗಲಿಲ್ಲವೇ?"

ಆ ಮುಖ ನೋಡಿ ಏನು ಹೇಳುವುದು? "ತುಂಬಾ ಚೆನ್ನಾಗಿದೆ ಮಗಾ. ಕೈಗೆ ಏನೂ ತಾಗುವುದಿಲ್ಲ" ಎಂದೆ. ಅದು ಸುಳ್ಳಲ್ಲ. ಆಮೇಲೆ ಫೋನನ್ನು ಶರಣ್ಯಾಳಿಗೆ ಕೊಟ್ಟೆ.

ಇವರು ಯಾವಾಗ ಸ್ಟೂಲ್ ಹತ್ತಿ ಬಂದರೋ ತಿಳಿಯಲಿಲ್ಲ. ಬೇರೆಲ್ಲಿಯೂ ನೋಡದೆ ನೇರವಾಗಿ ಎಡ ಮೂಲೆಗೆ ಬಂದು ನಿಂತರು.

"ನೀನ್ ಇದನ್ನ ತರ್ಸದ್ದ್ ಆ ಗೆರೆ ಕಾಂಬುಕಲ್ದಾ?"

"ಹ್ವಾಯ್, ನಿಮ್ಗ್ ನೆನಪಿತ್ತಾ?"

ಇವರು ಮೂಲೆಯ ಬೋಲ್ಟನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಮಾರೂಕಿಂತ ಮುಂಚೆ ಆ ಹಲ್ಗಿ ತೆಗ್ದ್ ಇಟ್ಕಂಬ ಅಂದೇಳಿ ಸ್ಪ್ಯಾನರ್ ಹಿಡ್ಕಂಡ್ ಹತ್ತಿದ್ದೆ. ಒಂದ್ ಬೋಲ್ಟ್ ಬಿಚ್ಚಿದೆ. ಎರಡ್ನೇದಕ್ಕೆ ಕೈ ಬರ್ಲಿಲ್ಲೆ. ಹಾಂಗೇ ಇಳ್ದ್ ಬಂದೆ."

ಇಷ್ಟು ವರ್ಷ ದಿನಕ್ಕೆ ಎರಡು ಹೊತ್ತು ಈ ಮನುಷ್ಯನಿಗೆ ಊಟ ಬಡಿಸಿದ್ದೇನೆ. ಪ್ರತಿ ಸಲ ಒಳಗೊಳಗೇ ಕಲ್ಲೆದೆಯವರು ಎಂದುಕೊಂಡೇ ಬಡಿಸಿದ್ದೇನೆ.

"ಒಂದ್ ಮಾತ್ ಹೇಳುಕಾಗ್ತಿರ್ಲಿಲ್ಯಾ?"

"ನೀನ್ ಕೇಂಡ್ರೆ ಹೇಳ್ತಿದ್ದೆ" ಎಂದರು.

ಆಮೇಲೆ ಹೊಸ ಹಲಗೆಯ ಮೇಲೆ ಅಂಗೈ ಅಡ್ಡ ಇಟ್ಟರು. "ಐದ್ನೇದ್ ಇಲ್ಲಿತ್ತ್. ನನ್ ಕಿಸೆಗಿಂತ ಒಂದ್ ಗೇಣ್ ಕೆಳ್ಗೆ ಬತ್ತಿದ್ಲ್."

"ಅಲ್ಲ. ನನ್ ಮೊಣಕೈಗಿಂತ ಮೇಲಿದ್ಲ್. ಇಲ್ಲಿ ಕಾಣಿ." ನಾನು ಮೊಣಕೈಯನ್ನು ಹಲಗೆಗೆ ತಾಗಿಸಿ, ಅದಕ್ಕಿಂತ ಮೇಲೆ ಇನ್ನೊಂದು ಕೈ ಇಟ್ಟೆ. ಇಬ್ಬರ ಕೈಗಳ ನಡುವೆ ನಾಲ್ಕು ಬೆರಳಿನ ಅಂತರವಿತ್ತು.

"ನಿಂಗ್ ಮರ್ತ್ ಹೋಯ್ತ್."

"ನಂಗಾ?"

ಜಗಳವಾಡುವಷ್ಟರಲ್ಲಿ ಮೊನ್ನೆ ಕುಂದಾಪುರದ ಡಾಕ್ಟರು ಎತ್ತರ ಅಳೆದದ್ದು ನೆನಪಾಯಿತು. ಎರಡು ಇಂಚು ಕುಗ್ಗಿದ್ದೀರಿ, ಈ ವಯಸ್ಸಿಗೆ ಸಹಜ ಎಂದಿದ್ದರು. ನನ್ನ ಮೊಣಕೈ ಈಗ ಇರುವುದು ಅಂದಿನ ಜಾಗದಲ್ಲಲ್ಲ. ಬೆನ್ನು ಬಾಗಿದ ಇವರ ಕಿಸೆಯೂ ಅಲ್ಲ. ಅವಳನ್ನು ಅಳೆಯಲು ನಮ್ಮಲ್ಲಿ ಉಳಿದಿದ್ದದ್ದು ನಮ್ಮ ಮೈ ಮಾತ್ರ, ಅದೂ ಸರಿದುಹೋಗಿತ್ತು. ಇವರಿಗೆ ಅದನ್ನು ಹೇಳಿದೆ. ಇವರು ತಮ್ಮ ಅಂಗಿಯ ಕಿಸೆಯನ್ನೊಮ್ಮೆ ನೋಡಿಕೊಂಡರು.

ಕೆಳಗೆ ನಿಂತಿದ್ದ ಶರಣ್ಯಾ ಬ್ಯಾಗಿನಿಂದ ಪೆನ್ಸಿಲ್ ತೆಗೆದು ನಮ್ಮತ್ತ ಚಾಚಿದಳು. ಇವರು ಅದನ್ನು ನನಗೆ ಕೊಟ್ಟರು. ನಾನು ಇವರಿಗೆ ಕೊಟ್ಟೆ. ಕೊನೆಗೆ ಇವರು ಅದನ್ನು ಕಿಸೆಗೆ ಹಾಕಿಕೊಂಡು, ಕೈಯನ್ನು ಮತ್ತೆ ಹಲಗೆಯ ಮೇಲೆ ಇಟ್ಟರು. ನನ್ನ ಕೈ ಮೊದಲಿನ ಜಾಗದಲ್ಲೇ ಇತ್ತು. ಡ್ರೈವರ್ ಕಂಬಳಿ ಮಡಿಸಿಕೊಂಡು ಕೆಳಗೆ ನಿಂತಿದ್ದ. ಸ್ಟೂಲ್ ವಾಪಸು ಕೊಡಲು ಅವನೂ ಅವಸರ ಮಾಡಲಿಲ್ಲ.