ಬೆಟ್ಟದಾಚೆಯ ಮಾತು

ಮಾಸ್ಕೋದಿಂದ ಮೊಮ್ಮಗಳು ಬರುತ್ತಾಳೆಂದು ಉಮ್ಸುನಾಯ್ ಮುದುಕಿ ಅತ್‌ಬಾಶಿ ಊರಿನ ತನ್ನ ಬೀದಿಯಲ್ಲೆಲ್ಲ ಡಂಗುರ ಸಾರಿಬಿಟ್ಟಿದ್ದಳು.

"ನಮ್ಮ ಬೇಗಿಮಾಯ್ ಹುಟ್ಟಿದ್ದೇ ಅಲ್ಲಿ. ರಷ್ಯನ್ ಅಂದ್ರೆ ಅರಳು ಹುರಿದಂಗೆ ಮಾತಾಡ್ತಾಳೆ. ನಮ್ಮ ಕಿರ್ಗಿಜ್ ಮಾತು ತೊದಲ್ತಾಳೇನೋ, ತೊದಲ್ಲಿ ಬಿಡಿ, ತಿದ್ದೋಕೆ ನಾನಿಲ್ವಾ?"

ಮುದುಕಿಗೆ ಜಂಬ ಪಡಲು ಬೇರೆ ಏನೂ ಇರಲಿಲ್ಲ, ಪಡಲಿ ಬಿಡಿ. ಆದರೆ ಊರಿನವರು ಅದನ್ನು ನಂಬಿ, ರಷ್ಯನ್ ಮಾತಾಡುವ ಗೊಂಬೆಯನ್ನು ನೋಡುವವರಂತೆ ಬಂದು ಅಂಗಳದಲ್ಲಿ ಕೂತಿದ್ದರು. ಸೊಸೆ ಸಾಯ್ರಾ ಆರು ವರ್ಷದ ಮಗಳ ಕೈಹಿಡಿದು ಟ್ಯಾಕ್ಸಿಯಿಂದ ಇಳಿದಳು. ಮೊದಲ ಸಲ ಮುಖ ನೋಡಿದ್ದಕ್ಕೆ ಕೊಡುವ ಕಾಣಿಕೆ ಎಂದು ಒಬ್ಬೊಬ್ಬರೂ ಮಗುವಿನ ಕೈಗೆ ಮಿಠಾಯಿ, ತಲೆವಸ್ತ್ರ ತುರುಕಿದರು. ಹಾಸಿದ ಬಟ್ಟೆಯ ತುಂಬ ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೂರ್ಸೋಕ್ ತುಣುಕು ಹರಡಿತ್ತು. ಪಕ್ಕದ ಮನೆಯ ಕೇನ್ಜೆ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು ಕುದುರೆ ಹಾಲಿನ ಕುಮಿಸ್ ಬಟ್ಟಲನ್ನು ಬಾಯಿಗಿಟ್ಟಳು.

"ಕುಡಿ ಮರಿ. ಮಾಸ್ಕೋದಲ್ಲಿ ಇದೆಲ್ಲಾ ಎಲ್ಲಿ ಸಿಗತ್ತೆ? ಹೆಂಗಿದೆ ಹೇಳು."

ಮಗು ಮೂಸಿ ನೋಡಿ ಮೂಗು ಸೊಟ್ಟ ಮಾಡಿತು.

"ಭಾಳ ಹುಳಿ ಐತ್ರಿ. ನಂಗ ಬ್ಯಾಡ್ರಿ. ಒಂದೀಟ ಚಾ ಕೊಡ್ರಿ, ಸಕ್ರಿ ಜಾಸ್ತಿ ಹಾಕಿ."

ಕೂತವರೆಲ್ಲ ಮುಖ ಮುಖ ನೋಡಿಕೊಂಡರು. ಅದರಲ್ಲಿ ರಷ್ಯನ್ನಿನ ವಾಸನೆಯೂ ಇರಲಿಲ್ಲ. ಅಚ್ಚ ಓಶ್ ಕಡೆಯ ಕಿರ್ಗಿಜ್ ಮಾತು, ಬೆಟ್ಟದಾಚೆಯ ಮಾತು. ರಾಗ ಅದೇ, ಎಳೆತ ಅದೇ, ಕೊನೆಗೆ ಗಲ್ಲ ಮೇಲೆತ್ತುವುದೂ ಅದೇ. ಬೆಟ್ಟದಾಚೆಯವರನ್ನು ಅಣಕಿಸಿಯೇ ಎರಡು ಬಟ್ಟಲು ಚಹಾ ಹೆಚ್ಚು ಕುಡಿಯುವ ಊರು ಇದು. ಅವರ ಮಾತು ತಮ್ಮದೇ ಅಂಗಳದಲ್ಲಿ, ಉಮ್ಸುನಾಯಳ ಮೊಮ್ಮಗಳ ಬಾಯಲ್ಲಿ!

ಕೇನ್ಜೆಗೆ ಮೊದಲು ನಾಲಿಗೆ ಬಂತು. "ಅಲ್ಲ ಉಮ್ಸುನಾಯ್ ಅಕ್ಕಾ, ಇವಳು ಮಾಸ್ಕೋದಿಂದ ಬಂದ್ಲೋ, ಓಶ್ ಸಂತೆಯಿಂದ ಬಂದ್ಲೋ? ಇವಳ ಬಾಯಿಗೆ ಯಾರೇ ಉಗುಳಿದ್ದು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಳೆಯ ಮಗುವಿನ ಬಾಯಿಗೆ ಯಾರು ಉಗುಳುತ್ತಾರೋ ಅವರ ಮಾತೇ ಮಗುವಿಗೆ ಬರುತ್ತದೆ ಎಂಬುದು ನಮ್ಮಲ್ಲಿನ ನಂಬಿಕೆ. ಮುದುಕಿ ನಗಲಿಲ್ಲ. ಸಾಯ್ರಾಳಿಗಂತೂ ಯಾರೋ ಕೆನ್ನೆಗೆ ಬಾರಿಸಿದಂತಾಗಿತ್ತು. ಮಗಳು ಹೀಗೆ ಮಾತಾಡುತ್ತಾಳೆಂದು ಅವಳಿಗೆ ಇವತ್ತೇ ಗೊತ್ತಾದದ್ದು.

ಇದನ್ನು ಯಾರಾದರೂ ನಂಬುತ್ತಾರೆಯೇ? ಹೆತ್ತ ತಾಯಿಗೆ ಮಗಳ ಮಾತು ಗೊತ್ತಿಲ್ಲವೆಂದರೆ? ಆದರೆ ನಡೆದದ್ದು ಹಾಗೆಯೇ. ಮಾಸ್ಕೋದಲ್ಲಿ ಅವರಿದ್ದದ್ದು ಒಂದೇ ಫ್ಲಾಟಿನಲ್ಲಿ ನಾಲ್ಕು ಸಂಸಾರ ತುಂಬಿಕೊಂಡು. ಗಂಡ ಉಲಾನ್ ಕಟ್ಟಡದ ಕೆಲಸಕ್ಕೆಂದು ತಿಂಗಳುಗಟ್ಟಲೆ ಬೇರೆ ಊರಿನಲ್ಲಿರುತ್ತಿದ್ದ. ಸಾಯ್ರಾ ಬೆಳಗಾಗುವ ಮುಂಚೆ ಕಚೇರಿಗಳ ನೆಲ ಒರೆಸಲು ಹೊರಟರೆ, ಹೋಟೆಲಿನ ಪಾತ್ರೆ ತೊಳೆದು ವಾಪಸಾಗುವಾಗ ಮಗು ಮಲಗಿರುತ್ತಿತ್ತು. ಫ್ಲಾಟಿನ ಉಳಿದವರೆಲ್ಲ ಓಶ್ ಕಡೆಯವರು. ರಜಾದಿನ ಅವರ ಗದ್ದಲದ ನಡುವೆ ಮಗಳ ದನಿಯೂ ಸೇರಿಹೋಗುತ್ತಿತ್ತು. ಮಗುವನ್ನು ನೋಡಿಕೊಳ್ಳುತ್ತಿದ್ದವಳು ಪಕ್ಕದ ಕೋಣೆಯ ಮಕ್ತಿಮ್, ಮನೆಯಲ್ಲೇ ಕೂತು ಬಟ್ಟೆ ಹೊಲಿಯುವವಳು. ಮಗು ಅವಳ ಹೊಲಿಗೆ ಯಂತ್ರದ ಬುಡದಲ್ಲೇ ಬೆಳೆಯಿತು. ರಷ್ಯನ್ ಬರಲಿಲ್ಲವೆಂದು ಅಲ್ಲಿನ ಶಾಲೆ ಸೇರಿಸಿಕೊಳ್ಳಲಿಲ್ಲ. ಹಾಗಾಗಿಯೇ ಅಜ್ಜಿಯ ಬಳಿ ಬಿಟ್ಟು ಊರ ಶಾಲೆಗೆ ಹಾಕಲು ಸಾಯ್ರಾ ಬಂದದ್ದು. ವಾರ ಕಳೆದರೆ ಅವಳು ಮತ್ತೆ ಮಾಸ್ಕೋಗೆ. ಈ ಒಂದು ವಾರವಾದರೂ ಮಗಳು ತನ್ನ ಸೆರಗು ಹಿಡಿದು ಓಡಾಡಲಿ, ಹೊರಟಾಗ ಹೋಗಬೇಡ ಎಂದು ಒಂದು ಸಲ ಅಳಲಿ ಎಂಬುದು ಅವಳ ಆಸೆ.

ಮರುದಿನ ಮಗಳ ಜಡೆ ಹೆಣೆಯಲು ಕೂತಳು.

"ಬ್ಯಾಡ್ರಿ ಅವ್ವಾ. ನಿಮಗ ತ್ರಾಸ ಆಗ್ತದ. ನಾ ಹೆಣಕೋತೀನಿ."

"ನನಗೆಂಥ ತ್ರಾಸ ಕಣೇ? ಅಮ್ಮನಿಗೆ ಯಾರಾದ್ರೂ ನೀವು ತಾವು ಅಂತಾರಾ? ನೀನು ಅನ್ನು."

"ಹೂಂರಿ," ಎಂದಿತು ಮಗು, ಬಲು ವಿಧೇಯವಾಗಿ.

ಸಾಯ್ರಾಳಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಬೈದರೂ ಮಗು ಬೈಸಿಕೊಳ್ಳುತ್ತದೆ, ಮುದ್ದು ಮಾಡಿದರೂ ನೆಟ್ಟಗೆ ಕೂತು ಮಾಡಿಸಿಕೊಳ್ಳುತ್ತದೆ. ಮನೆಗೆ ಬಂದ ನೆಂಟರ ಮಗುವಿನ ಹಾಗೆ.

ಸಂಜೆ ಅತ್ತೆ ಸೊಸೆ ಹಾಲು ಕರೆದುಕೊಂಡು ಕೊಟ್ಟಿಗೆಯಿಂದ ಬರುತ್ತಿದ್ದರು. ಗೋಡೆಯ ಆಚೆ ಹೆಂಗಸೊಬ್ಬಳು ಮಾತಾಡುತ್ತಿರುವುದು ಕೇಳಿಸಿತು. ಸಾಯ್ರಾ ಗಕ್ಕನೆ ನಿಂತಳು. ಮಕ್ತಿಮ್ ಇಲ್ಲಿಗೆ ಹೇಗೆ ಬಂದಳು?

ಇಣುಕಿದರೆ ಬೇಗಿಮಾಯ್. ನಾಯಿಮರಿಯೊಂದನ್ನು ಕಾಣಿಕೆಯ ತಲೆವಸ್ತ್ರದಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ರೊಟ್ಟಿ ತಿನ್ನಿಸುತ್ತಿತ್ತು.

"ಉಣ್ಣ ನನ ಕೂಸ. ಇದೊಂದ ತುತ್ತು. ಹಾಂ, ಬಾಗಲಾ ಸಪ್ಪಳಾತು, ಅವ್ವ ಬಂದ್ಲು. ಕಣ್ಣ ಮುಚ್ಚಿ ಮಲಕೋ. ಈಗ ನನ್ನ ಅವ್ವ ಅನಬ್ಯಾಡ, ಚಿಗವ್ವ ಅನ್ನು. ಆಕಿ ಅವ್ವ, ನಾ ಚಿಗವ್ವ. ಮರತಿ ಅಂದ್ರ ಆಕಿ ಮನಸ್ಸ ನೋಯ್ತದ. ಪಾಪ, ದುಡದು ಬಂದಿರ್ತಾಳ. ಆಕಿ ಹೋದಮ್ಯಾಲ ಅನ್ನುವಂತಿ. ಆತಿಲ್ಲೋ?"

ಸಾಯ್ರಾಳ ಕೈಯಿಂದ ಹಾಲಿನ ಬಕೆಟ್ಟು ಬೀಳಲಿಲ್ಲ. ಬಿದ್ದಿದ್ದರೆ ಅದನ್ನು ನೋಡಿಕೊಂಡಾದರೂ ನಿಲ್ಲಬಹುದಿತ್ತು. ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ.

ಮುದುಕಿ ಸೊಸೆಯ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. "ಯಾರೇ ಅವಳು?"

"ಮಕ್ತಿಮ್ ಅಂತ. ನಮ್ಮ ಪಕ್ಕದ ಕೋಣೆಯವಳು, ಅತ್ತೆ."

"ಅವಳಿಗೆ ಮಕ್ಕಳಿಲ್ವಾ, ಬೇರೆಯವರ ಮಗೂನ ಮಗಳು ಮಾಡ್ಕೊಳ್ಳೋಕೆ?"

"ಒಬ್ಬಳಿದ್ದಾಳೆ. ಓಶ್ ಹತ್ರ ಹಳ್ಳೀಲಿ, ಅಜ್ಜಿ ಜೊತೆ."

ಸೊಸೆಯ ರಟ್ಟೆ ಹಿಡಿದಿದ್ದ ಮುದುಕಿಯ ಕೈ ಸಡಿಲವಾಯಿತು. ಆಮೇಲೆ ಸಿಟ್ಟು ಮತ್ತೆ ಏರಿತು.

"ಮೊದಲ ಮೊಮ್ಮಗು ಅಜ್ಜಿ ಮಗು. ಹಾಲು ಬಿಟ್ಟ ಕೂಡಲೇ ಕಳಿಸು ಅಂತ ಬಡ್ಕೊಂಡೆ. ಮಗು ಬಿಟ್ಟು ಇರಲಾರೆ ಅಂದೆ ನೀನು. ಎಲ್ಲೇ ಇದ್ದೆ ಅದರ ಜೊತೆ? ನನಗೂ ಇಲ್ಲ, ನಿನಗೂ ಇಲ್ಲ ಹಂಗೆ ಮಾಡಿದ್ಯಲ್ಲೇ! ಫೋನ್ ಮಾಡು ಅವಳಿಗೆ. ನೀನು ಬೈತೀಯೋ, ನಾನು ಬೈಲೋ?"

"ನಾನೇ ಬೈತೀನಿ ಅತ್ತೆ," ಎಂದಳು ಸಾಯ್ರಾ. ನಿಜಕ್ಕೂ ಬೈಯುವ ಮನಸ್ಸೇ ಇತ್ತು. ಕಳ್ಳಿ ಎನ್ನಬೇಕು, ನನ್ನ ಮಗೂನ ಕದ್ದೆ ಎನ್ನಬೇಕು ಎಂದುಕೊಂಡೇ ನಂಬರು ಒತ್ತಿದಳು. ಫೋನು ಒಮ್ಮೆ ಬಡಿದುಕೊಳ್ಳುವಷ್ಟರಲ್ಲೇ ಮಕ್ತಿಮ್ ಎತ್ತಿಕೊಂಡಳು.

"ಸಾಯ್ರಾ, ಮುಟ್ಟಿದ್ರೇನವಾ? ಕೂಸು ಉಂಡಿತೇನು? ಹೊರಡೋ ಮುಂದ ಎಡಗಿವಿ ನೋವು ಅಂತಿತ್ತು, ಅಲ್ಲಿ ಗಾಳಿ ಭಾಳ ಅಲ್ಲಾ? ಟೊಪ್ಪಿಗಿ ಹಾಕೀರೇನು?"

ಕಿವಿ ನೋವಿನ ಸುದ್ದಿ ಸಾಯ್ರಾಳಿಗೆ ಗೊತ್ತೇ ಇರಲಿಲ್ಲ. ದಾರಿಯುದ್ದಕ್ಕೂ ಮಗು ಪಕ್ಕದಲ್ಲೇ ಕೂತಿತ್ತು, ಒಂದು ಮಾತೂ ಹೇಳಿರಲಿಲ್ಲ. ಬೈಗುಳ ಬಾಯಲ್ಲೇ ಸತ್ತುಹೋಯಿತು. ಬಾಗಿಲಿಗೆ ಹೋಗಿ ಮಗಳನ್ನು ಕೂಗಿದಳು. ಬೇಗಿಮಾಯ್ ನಾಯಿಮರಿಯನ್ನು ಬಿಟ್ಟು ಓಡಿ ಬಂದಿತು. ಸಾಯ್ರಾ ಬಗ್ಗಿ ಫೋನು ಚಾಚಿದಳು.

"ತಗೋ ಮಗಳೇ. ನಿಮ್ಮವ್ವ."

ಮಗುವಿನ ಮುಖದ ಬಣ್ಣವೇ ಹೋಯಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು. ಅಜ್ಜಿಯನ್ನು ನೋಡಿತು, ತಾಯಿಯನ್ನು ನೋಡಿತು. ಆಮೇಲೆ ನೆಟ್ಟಗೆ ನಿಂತು ಪಾಠ ಒಪ್ಪಿಸುವಂತೆ, ಫೋನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿತು.

"ಆಕಿ ನಮ್ಮವ್ವ ಅಲ್ರಿ. ಆಕಿ ಚಿಗವ್ವ. ನಮ್ಮವ್ವ ನೀವ ಅದೀರಿ. ನಾ ಮರತಿಲ್ರಿ."

"ಶಾಣ್ಯಾಕಿ ನನ ಕೂಸು," ಎಂದು ಆ ಕಡೆಯಿಂದ ಒಡೆದ ದನಿಯೊಂದು ಹೇಳಿತು, ಲೈನು ಕಡಿದುಹೋಯಿತು.

ಉಮ್ಸುನಾಯ್ ಮುದುಕಿ ಬೈಯಲೆಂದು ತೆರೆದಿದ್ದ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಮಗಳು ತನ್ನನ್ನು ಬೇರೆಯವರೆದುರು ತಾಯಿ ಎಂದದ್ದನ್ನು ಸಾಯ್ರಾ ಕೇಳಿದ್ದು ಅದೇ ಮೊದಲು. ಹಾಗೆಂದ ಮಗು, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ತಾಯಿಯನ್ನು ಬಿಟ್ಟು ಫೋನನ್ನೇ ನೋಡುತ್ತಿತ್ತು.