ಎರಡನೇ ಮಹಡಿಯ ಸಭೆ

ವಿದ್ಯಾರ್ಥಿ ಸಂಘದ ಮಕ್ಕಳಿಗೆ ನಾಯಕತ್ವ ಕಲಿಸುವ ಹೊಣೆಯನ್ನು ನನ್ನ ತಲೆಗೆ ಕಟ್ಟುವಾಗ ಪ್ರಾಂಶುಪಾಲರು, "ನೀವು ಹೆಚ್ಚು ಮಾತಾಡೋದಿಲ್ಲ, ಅದಕ್ಕೇ ನೀವೇ ಸರಿ" ಎಂದಿದ್ದರು. ಅದು ಹೊಗಳಿಕೆಯಲ್ಲ, ಶಿಕ್ಷೆ ಎಂದು ತಿಳಿಯಲು ನನಗೆ ಒಂದು ಸಭೆ ಸಾಕಾಯಿತು.

ಸಂಘದಲ್ಲಿ ಏಳು ಮಂದಿ. ಅಧ್ಯಕ್ಷನನ್ನು ಎಲ್ಲರೂ ಕರೆಯುವುದು ಮೈಕು ಎಂದು. ಎದುರಿಗೆ ಒಬ್ಬರೇ ಇದ್ದರೂ ಮೈದಾನ ತುಂಬ ಜನ ಸೇರಿದ ಹಾಗೆ ಮಾತಾಡುತ್ತಾನೆ. ಕಾರ್ಯದರ್ಶಿ ಸಣ್ಣ ದನಿಯ ಹುಡುಗಿ, ಬಾಯಿ ತೆರೆದರೆ ಮೊದಲು ಬರುವುದು "ಸಾರಿ". ಉಳಿದ ಐವರ ಕೆಲಸ ತಲೆಯಾಡಿಸುವುದು. ಹೋದ ತಿಂಗಳು ಹೊರಗಿನಿಂದ ಒಬ್ಬ ತರಬೇತುದಾರ ಬಂದು ಇವರ ಕೈಲಿ ಕಾಗದದ ಲೋಟಗಳ ಗೋಪುರ ಕಟ್ಟಿಸಿ, ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿ, ಎಲ್ಲರಿಗೂ 'ನಾಳಿನ ನಾಯಕ' ಎಂಬ ಪ್ರಮಾಣಪತ್ರ ಕೊಟ್ಟು ಹೋಗಿದ್ದ. ನಾಳಿನ ನಾಯಕರೇನೋ ಸರಿ. ನನಗೆ ಬೇಕಾಗಿದ್ದವರು ಇವತ್ತಿನವರು.

ಇದ್ದ ಕೆಲಸವೂ ಒಂದೇ. ಎರಡನೇ ವರ್ಷದ ಹುಡುಗಿಯೊಬ್ಬಳು ಅಪಘಾತದಲ್ಲಿ ಕಾಲು ಮುರಿದುಕೊಂಡು ಊರುಗೋಲುಗಳ ಮೇಲೆ ಕಾಲೇಜಿಗೆ ಬರುತ್ತಿದ್ದಳು. ಅವಳ ತರಗತಿ ಎರಡನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಫಲಕ ತಗುಲಿಸಿ ಎಷ್ಟು ಕಾಲವಾಗಿತ್ತೆಂದರೆ ಈಗ ಆ ಫಲಕಕ್ಕೇ ದುರಸ್ತಿ ಬೇಕಿತ್ತು. ಮೆಟ್ಟಿಲು ಹತ್ತಲಾಗದೆ ಅವಳ ಹಾಜರಿ ಕುಸಿಯುತ್ತ ಬಂದಿತ್ತು. ಮುಂದಿನ ವಾರವೂ ತರಗತಿ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ, ವರ್ಷವೇ ಹಾಳು. ಗೇಟಿನ ಪಕ್ಕ, ನೆಲಮಹಡಿಯಲ್ಲಿ ಲೆಕ್ಕದ ಮೇಷ್ಟ್ರು ಪಾಠ ಮಾಡುವ ಕೋಣೆಗೆ ತನ್ನ ತರಗತಿಯನ್ನು ಬದಲಿಸಿಕೊಡಿ ಎಂದು ಅವಳು ಸಂಘವನ್ನು ಕೇಳಿದ್ದಳು. ಮೇಷ್ಟ್ರು ಒಪ್ಪಿದರೆ ಆಯಿತು. ಆದರೆ ಆ ಮೇಷ್ಟ್ರ ಸಿಟ್ಟು ಇಡೀ ಕಾಲೇಜಿಗೇ ಗೊತ್ತು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು?

ನಾನೇ ಕಟ್ಟಬಹುದಿತ್ತು. ಅಮ್ಮ ದಿನವೂ ಊಟಕ್ಕೆ ಬಡಿಸುತ್ತ ಅದನ್ನೇ ಹೇಳುತ್ತಿದ್ದಳು.

"ಒಂದು ಮಾತು ನೀನೇ ಕೇಳಿಬಿಟ್ರೆ ನಿನ್ನ ಗಂಟೇನು ಹೋಗತ್ತೆ?"

"ನಾನು ಕೇಳಿದ್ರೆ ಅವರು ಕಲಿಯಲ್ಲಮ್ಮ."

"ಅವರು ಕಲಿಯೋಷ್ಟರಲ್ಲಿ ಆ ಹುಡುಗಿ ಕಾಲೇ ವಾಸಿಯಾಗತ್ತೆ ಬಿಡು."

ಶುಕ್ರವಾರದ ಸಭೆಯಲ್ಲೂ ಏನೂ ಆಗದಿದ್ದರೆ ಪಾಠ ಸಾಕು, ನಾನೇ ಹೋಗಿ ಕೇಳುವುದು ಎಂದು ನಿಶ್ಚಯಿಸಿದೆ.

ಶುಕ್ರವಾರ ಮೈಕು ಎದ್ದು ನಿಂತ. "ಈ ಸಮಸ್ಯೇನ ಗಂಭೀರವಾಗಿ ತಗೊಳ್ಳೋಣ. ಮೇಷ್ಟ್ರ ಹತ್ರ ಮಾತಾಡೋಣ. ಏನಾದ್ರೂ ಒಂದು ದಾರಿ ಹುಡುಕೋಣ." ಐದು ತಲೆಗಳು ಆಡಿದವು.

ಪದ್ಯ ಓದುವವರ ಕಾಲಬುಡದಲ್ಲಿ ಕೂತು ಬೆಳೆದವಳು ನಾನು. ಸಾಲು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದರ ಮೇಲೇ ನನ್ನ ಕಿವಿ. ಈ ಮಕ್ಕಳ ಸಾಲೆಲ್ಲ ಹೋಗಿ ನಿಲ್ಲುತ್ತಿದ್ದುದು ಒಂದೇ ಪ್ರಾಸದಲ್ಲಿ. ಮಾಡೋಣ, ನೋಡೋಣ, ಹೇಳೋಣ. ಕೇಳಲು ಇಂಪೇ. ಆದರೆ 'ಮಾಡೋಣ' ಎಂಬುದರೊಳಗೆ ಎಲ್ಲರೂ ಇರುತ್ತಾರೆ, ಹುಡುಕಿದರೆ ಒಬ್ಬರೂ ಸಿಗುವುದಿಲ್ಲ.

"ಇವತ್ತೊಂದು ನಿಯಮ," ಎಂದೆ. "ಯಾರೂ 'ಮಾಡೋಣ' ಅನ್ನೋ ಹಾಗಿಲ್ಲ, 'ನೋಡೋಣ' ಅನ್ನೋ ಹಾಗಿಲ್ಲ. 'ಆಗತ್ತೆ ಬಿಡಿ' ಅಂತೂ ಬೇಡವೇ ಬೇಡ. 'ನಾನು' ಅಂತ ಶುರು ಮಾಡಿ, 'ಮಾಡ್ತೀನಿ' ಅಂತ ಮುಗಿಸಿ."

ಕೊನೆಗೆ ತಲೆಯಾಡಿಸುವವರಲ್ಲಿ ಒಬ್ಬ ಧೈರ್ಯ ಮಾಡಿದ.

"ನಾನು... ಒಪ್ತೀನಿ."

"ಯಾವುದನ್ನಪ್ಪಾ?"

"ಯಾರಾದ್ರೂ ಏನಾದ್ರೂ ಹೇಳಿದ್ರೆ, ಅದನ್ನ."

ಮೈಕು ಗಂಟಲು ಸರಿಮಾಡಿಕೊಂಡ. "ನಾನು, ಎಲ್ಲರೂ ಸೇರಿ ಮಾಡೋ ಹಾಗೆ ನೋಡ್ಕೋತೀನಿ."

ವ್ಯಾಕರಣದಲ್ಲಿ ಎಳ್ಳಷ್ಟೂ ಕುಂದಿಲ್ಲ! ದೇವರೇ, ತಾಳ್ಮೆ ಕೊಡು ಎಂದು ಮನಸ್ಸಿನಲ್ಲೇ ಬೇಡಿದೆ. ಬೆಳಿಗ್ಗೆ ಕೊಟ್ಟಿದ್ದನ್ನು ಈ ಏಳು ಮಂದಿ ಆಗಲೇ ತಿಂದು ಮುಗಿಸಿದ್ದರು.

"ಹೋಗಲಿ, ಆ ಹುಡುಗೀನ ಸಭೆಗೆ ಕರೀರಿ ಅಂದಿದ್ನಲ್ಲ, ಎಲ್ಲಿ ಅವಳು?"

"ಕರೆದಿದ್ವಿ ಮೇಡಂ, ಬಂದಿಲ್ಲ," ಎಂದ ಮೈಕು. "ಅವಳಿಗೇ ಆಸಕ್ತಿ ಇಲ್ಲ ಅಂದ್ಮೇಲೆ ನಾವು ತಲೆ ಕೆಡಿಸ್ಕೊಂಡು ಏನು? ವಿಷಯ ಮುಂದಿನ ಸಭೆಗೆ ಹಾಕೋ... ನಾನು ಹಾಕ್ತೀನಿ."

"ಎಲ್ಲಿಗೆ ಕರೆದಿದ್ರಿ?"

"ಇಲ್ಲಿಗೇ ಮೇಡಂ. ಸಂಘದ ಕೋಣೆಗೆ."

"ಇದು ಯಾವ ಮಹಡಿ?"

ಮೈಕು ಕಿಟಕಿಯತ್ತ ನೋಡಿದ. ಕಿಟಕಿಯಲ್ಲಿ ಮರದ ತುದಿ ಕಾಣುತ್ತಿತ್ತು. "ಎರಡನೇದು," ಎಂದ. ಅವನ ದನಿ ಪಕ್ಕದವರಿಗಷ್ಟೇ ಕೇಳಿಸಿದ್ದು ನಾನು ಕಂಡಂತೆ ಅದೇ ಮೊದಲು.

ಕಾರ್ಯದರ್ಶಿ ಎದ್ದಳು. "ಸಾರಿ ಮೇಡಂ. ನಾನು ಕೆಳಗೆ ಹೋಗ್ತೀನಿ." ಹೋಗಿಯೂ ಬಿಟ್ಟಳು. ಉಳಿದವರು ನನ್ನ ಮುಖ ನೋಡಿದರು. ನಾನು ಎದ್ದದ್ದು ಕಂಡು ತಾವೂ ಎದ್ದರು.

ಕೆಳಗೆ ಕಡೆಯ ಮೆಟ್ಟಿಲ ಮೇಲೆ, ಊರುಗೋಲುಗಳನ್ನು ಗೋಡೆಗೆ ಒರಗಿಸಿ, ಆ ಹುಡುಗಿ ಕೂತಿದ್ದಳು. ನಮ್ಮನ್ನು ಕಂಡದ್ದೇ ಶುರು ಮಾಡಿದಳು.

"ಕರೆದ ಹೊತ್ತಿಗೆ ಸರಿಯಾಗಿ ಬಂದು ಕೂತಿದೀನಿ. ಫೋನ್ ಮಾಡಿದ್ರೆ ಒಬ್ರೂ ಎತ್ತಲ್ಲ."

"ಸಭೆ ನಡೀತಿತ್ತಲ್ಲ, ಸೈಲೆಂಟಲ್ಲಿ ಇಟ್ಟಿದ್ವಿ," ಎಂದ ಮೈಕು.

"ಸಭೆ ನನ್ನ ಬಗ್ಗೆ, ಫೋನ್ ಮಾತ್ರ ನನ್ನದು ಎತ್ತಲ್ಲ! ಆಹಾ, ಏನು ಶಿಸ್ತು ಕಣೋ ನಿಮ್ದು! ಸರಿ, ಮೇಲೆ ಏನು ತೀರ್ಮಾನ ಆಯ್ತು?"

ಮೈಕು ಲಿಫ್ಟಿನ ಫಲಕ ಓದತೊಡಗಿದ.

"ಸಾರಿ ಕಣೇ," ಎಂದಳು ಕಾರ್ಯದರ್ಶಿ. "ಏನೂ ಆಗಿಲ್ಲ. ಬಾ, ಮೇಷ್ಟ್ರ ಹತ್ರ ಹೋಗೋಣ."

ನಿಯಮ ಮುರಿದಿದ್ದಳು. ಆದರೆ ಆ 'ಹೋಗೋಣ' ಎಂದವಳ ಕಾಲು ಆಗಲೇ ಒಂದು ಹೆಜ್ಜೆ ಮುಂದಿತ್ತು, ನಾನು ಸುಮ್ಮನಾದೆ.

ಲೆಕ್ಕದ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಉತ್ತರಪತ್ರಿಕೆ ತಿದ್ದುತ್ತಿದ್ದರು. "ಏನು, ದಂಡೆತ್ತಿ ಬಂದಿದೀರಿ?"

"ಸಾರಿ ಸರ್, ನಿಮ್ಮ ಕೋಣೆ ಬೇಕಿತ್ತು."

"ಕೋಣೆ ನಿನಗೆ ಕೊಟ್ಟು ನಾನೆಲ್ಲಿಗೆ ಹೋಗ್ಲಮ್ಮ, ಆಕಾಶಕ್ಕಾ?"

"ಎರಡನೇ ಮಹಡಿಗೆ ಸರ್." ಅವಳು ಆ ಹುಡುಗಿಯ ಕಾಲು, ಹಾಜರಿ, ಪರೀಕ್ಷೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು.

ಮೇಷ್ಟ್ರು ಸಿಟ್ಟಾಗಲಿಲ್ಲ. ಪೆನ್ನು ಕೆಳಗಿಟ್ಟು ಎಡ ಮಂಡಿ ಸವರಿಕೊಂಡರು. "ಅವಳ ಕಾಲು ಎಲ್ಲರಿಗೂ ಕಾಣತ್ತೆ, ನನ್ನ ಮಂಡಿ ಕಾಣಲ್ಲ. ಒಂದು ದಿನ ಆ ಮೆಟ್ಟಿಲು ಹತ್ತಿದ್ರೆ ಮೂರು ದಿನ ಹಾಸಿಗೆ. ಆಗಲ್ಲಮ್ಮ."

ಇದನ್ನು ಯಾರೂ ಎಣಿಸಿರಲಿಲ್ಲ. ಮೈಕು "ನೋಡೋ..." ಎಂದವನು ನಾಲಿಗೆ ಕಚ್ಚಿಕೊಂಡ. ಊರುಗೋಲಿನ ಹುಡುಗಿ ನೆಲ ನೋಡುತ್ತಿದ್ದಳು. ಬೈಯುವ ಬಾಯಿ ಮುಚ್ಚಿತ್ತು, ಅದೇ ನೋಡಲಾಗುತ್ತಿರಲಿಲ್ಲ. ಇನ್ನು ನಾನೇ ಪ್ರಾಂಶುಪಾಲರ ಹತ್ತಿರ ಹೋಗುತ್ತೇನೆ ಎನ್ನಲು ಬಾಯಿ ತೆರೆದೆ.

"ಸರ್ ಹತ್ತೋದು ಬೇಡ, ಇವಳು ಹತ್ತೋದೂ ಬೇಡ," ಎಂದಳು ಕಾರ್ಯದರ್ಶಿ. "ಕೆಳಗೆ ಮೂಲೆ ಕೋಣೇಲಿ ಒಂದನೇ ವರ್ಷದವರು ಕೂರ್ತಾರೆ. ಇಕ್ಕಟ್ಟೇನೋ ಹೌದು. ಆದ್ರೆ ಅವರು ಮೇಲೆ ಹೋಗಬಹುದು, ಅವರ ಕಾಲೆಲ್ಲ ಚೆನ್ನಾಗಿದೆ." ಆಮೇಲೆ ನನ್ನ ಕಡೆ ತಿರುಗಿದಳು. "ಸಾರಿ ಮೇಡಂ. ಅಲ್ಲಿ ಪಾಠ ಮಾಡೋದು ನೀವು. ನಿಮ್ಮ ಮಂಡಿ ಹೇಗಿದೆ?"

ಮೂಲೆಯ ಕೋಣೆ ಕಿರಿದೆಂದು ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನಂತೂ ಮೊದಲೇ ಇಲ್ಲ. ಆ ಕೋಣೆ ತಣ್ಣಗಿರುತ್ತದೆ, ಸ್ಟಾಫ್ ರೂಮಿಗೆ ಹತ್ತಿರ, ನನಗೆ ಅಲ್ಲಿ ಪರಮ ಸುಖ. ಏಳು ಜನ ನನ್ನನ್ನೇ ನೋಡುತ್ತಿದ್ದರು. ಅವರ ಹಿಂದೆ ಎಂಟನೆಯವಳು, ಎರಡು ಊರುಗೋಲು.

"ಚೆನ್ನಾಗಿದೆ," ಎಂದೆ.

ಮೇಷ್ಟ್ರು ಹೊಟ್ಟೆ ಕುಣಿಯುವಂತೆ ನಕ್ಕರು. "ನಾಯಕತ್ವ ಕಲಿಸಿದ್ದೀಯಲ್ಲಮ್ಮ, ಈಗ ಅನುಭವಿಸು."

ಸೋಮವಾರ ಪುಸ್ತಕಗಳನ್ನು ಎದೆಗವಚಿಕೊಂಡು ಮೆಟ್ಟಿಲ ಬುಡಕ್ಕೆ ಬಂದಾಗ ಮೂಲೆಯ ಕೋಣೆಯ ಬಾಗಿಲಲ್ಲಿ ಮೈಕು ನಿಂತಿದ್ದ. ತರಗತಿ ಶುರುವಾಗುವ ಮೊದಲು ಸಂಘದ ಪರವಾಗಿ ನಾಲ್ಕು ಮಾತು ಆಡಬೇಕಂತೆ, ಒಂದು ಫೋಟೋ ತೆಗೆಸಬೇಕಂತೆ. ನಾನು ಗದರಿಸುವ ಮೊದಲೇ ಒಳಗಿಂದ ಆ ಹುಡುಗಿಯ ದನಿ ಬಂತು.

"ಮಾತು ಆಮೇಲೆ. ಈ ಬೆಂಚು ಅಡ್ಡ ಇದೆ, ನನ್ನ ಕೋಲು ಹಿಡಿಸ್ತಿಲ್ಲ. ಸರಿಸು."

"ನಾನಾ?"

"ಮತ್ತೆ ನಮ್ಮಜ್ಜನಾ? ಬೇಗ, ಸರ್ ಬಂದು ಹಾಜರಿ ಕೂಗೋಷ್ಟರಲ್ಲಿ ನಾನು ಕೂತಿರಬೇಕು."

ಬೆಂಚು ನೆಲಕ್ಕೆ ಉಜ್ಜಿ ಕಿರ್ರೆಂದಿತು. ನಾನು ಮೇಲೆ ಹತ್ತತೊಡಗಿದೆ.

"ಗೋಡೆ ಕಡೆಗೆ ಕಣೋ. ಅಯ್ಯೋ ರಾಮ, ಆ ಗೋಡೆ ಅಲ್ಲ!"